ಖರಾಬು ಜಮೀನಿನ ಹೂಗಳು

ಪ್ರತಿ ವರ್ಷ ಶ್ರಾವಣ ಮುಗಿಯುವ ಹೊತ್ತಿಗೆ ನಮ್ಮ ಟೀಮಿನ ವಾಟ್ಸಾಪ್ ಗ್ರೂಪಿಗೆ ಒಂದು ಲಿಂಕ್ ಬಂದು ಬೀಳುತ್ತದೆ. ಕಾಡುಹೂ ನೋಡಲು ಹತ್ತು ಅತ್ಯುತ್ತಮ ಜಾಗಗಳು. ಕೆಲವೊಮ್ಮೆ ಹದಿನೈದು. ಕಳಿಸುವವರು ಬದಲಾಗ್ತಾರೆ, ಪಟ್ಟಿ ಬದಲಾಗಲ್ಲ. ಸಾತಾರದ ಕಾಸ್ ಪ್ರಸ್ಥಭೂಮಿ, ಉತ್ತರಾಖಂಡದ ಹೂಗಳ ಕಣಿವೆ, ಮುನ್ನಾರ್, ನಮ್ಮ ಮುಳ್ಳಯ್ಯನಗಿರಿ, ಕೊಡಗಿನ ಮಾಂದಲಪಟ್ಟಿ, ಕೊನೆಗೆ ಲೆಕ್ಕ ತುಂಬಿಸೋಕೆ ಗುಂಡ್ಲುಪೇಟೆಯ ಸೂರ್ಯಕಾಂತಿ ಹೊಲ. ಸೂರ್ಯಕಾಂತಿ ಯಾವಾಗಿನಿಂದ ಕಾಡುಹೂ ಆಯಿತೋ ಪಟ್ಟಿ ಬರೆದವರನ್ನೇ ಕೇಳಬೇಕು. ಬೀಜ ಬಿತ್ತಿ, ಗೊಬ್ಬರ ಹಾಕಿ, ಎಣ್ಣೆಗೆಂದು ಬೆಳೆದ ಬೆಳೆ ಅದು.

ಈ ಸಲ ಒಬ್ಬರು, ಮಂಗಳೂರಿನವರು, ನನ್ನನ್ನು ಟ್ಯಾಗ್ ಮಾಡಿ ಕೇಳಿದರು: "ನಿಮ್ಮ ರಾಯಚೂರು ಕಡೆ ಏನಾದ್ರೂ ಇದೆಯಾ?" ನಾನು ಯೋಚನೆ ಮಾಡದೆ ಟೈಪ್ ಮಾಡಿದೆ: "ನಮ್ಮ ಕಡೆ ಬಿಸಿಲು ಮಾತ್ರ." ಆರೇಳು ಜನ ನಗುವ ಇಮೋಜಿ ಹಾಕಿದರು. ರಾತ್ರಿ ಊಟಕ್ಕೆ ಕೂತಾಗ ಆ ಉತ್ತರ ಗಂಟಲಲ್ಲಿ ಸಿಕ್ಕಿಕೊಂಡಿತು. ಯಾಕಂದ್ರೆ ಅದು ಸುಳ್ಳು, ಮತ್ತು ಸುಳ್ಳು ಅಂತ ನನಗೆ ಗೊತ್ತಿತ್ತು.

ಆ ವಾರಾಂತ್ಯ ಇಂಥ ಪಟ್ಟಿಗಳನ್ನು ಒಂದಿಪ್ಪತ್ತು ಕೂತು ಓದಿದೆ, ಕನ್ನಡದವೂ ಇಂಗ್ಲಿಷಿನವೂ. ಬೈಯಬೇಕು ಅಂತ ಶುರು ಮಾಡಿದ್ದು, ಆದರೆ ಓದ್ತಾ ಓದ್ತಾ ಅವುಗಳ ಹಿಂದಿನ ಅಳತೆಗೋಲು ಏನು ಅನ್ನೋದೇ ಹೆಚ್ಚು ಕುತೂಹಲ ಹುಟ್ಟಿಸಿತು. ಅಳತೆಗೋಲು ಸರಳ. ಹೂ ಹಾಸಿಗೆ ಹಾಸಿದಂತೆ ಇರಬೇಕು. ಒಂದೇ ಬಣ್ಣವಾದರೆ ಇನ್ನೂ ಒಳ್ಳೆಯದು. ಡ್ರೋನಿನಿಂದ ಕಾಣಬೇಕು. ಬೆಂಗಳೂರಿನಿಂದಲೋ ಪುಣೆಯಿಂದಲೋ ಶುಕ್ರವಾರ ರಾತ್ರಿ ಹೊರಟರೆ ಸೋಮವಾರ ಬೆಳಿಗ್ಗೆ ಸ್ಟ್ಯಾಂಡಪ್ ಮೀಟಿಂಗಿಗೆ ವಾಪಸ್ ಬರುವಂತಿರಬೇಕು. ಹೂವಿನ ಹೆಸರು ಗೊತ್ತಿರಬೇಕು ಅಂತೇನಿಲ್ಲ. ಎಷ್ಟೋ ಪಟ್ಟಿಗಳಲ್ಲಿ ಪಾರ್ಕಿಂಗ್ ಬಗ್ಗೆ ಒಂದು ಪ್ಯಾರಾ ಇದೆ, ಹೂವಿನ ಹೆಸರು ಒಂದೂ ಇಲ್ಲ.

ಇನ್ನೊಂದು ವಿಷಯ ನನ್ನ ಕಸುಬಿನವರಿಗೆ ಬೇಗ ಹೊಳೆಯುತ್ತೆ. ಫೋಟೊ ಇರುವ ಜಾಗ ಪಟ್ಟಿಗೆ ಬರುತ್ತದೆ, ಪಟ್ಟಿಯಲ್ಲಿರುವ ಜಾಗಕ್ಕೆ ಜನ ಹೋಗ್ತಾರೆ, ಹೋದವರು ಫೋಟೊ ಹಾಕ್ತಾರೆ, ಮುಂದಿನ ವರ್ಷ ಅದೇ ಜಾಗ ಇನ್ನೊಂದು ಮೆಟ್ಟಿಲು ಮೇಲೆ. ನಾವು ರೆಕಮೆಂಡೇಶನ್ ಸಿಸ್ಟಂ ಬರೆಯುವಾಗ ಇದನ್ನು ಒಂದು ದೋಷ ಅಂತ ಕರೀತೀವಿ. ಪ್ರವಾಸದ ಬರಹದಲ್ಲಿ ಇದಕ್ಕೆ 'ಮಸ್ಟ್ ವಿಸಿಟ್' ಅಂತ ಹೆಸರು. 2022ರಲ್ಲಿ ಚಿಕ್ಕಮಗಳೂರಿನ ಗಿರಿಗಳಲ್ಲಿ ಕುರಿಂಜಿ ಅರಳಿದಾಗ ಮುಳ್ಳಯ್ಯನಗಿರಿ ರಸ್ತೆಯಲ್ಲಿ ಕಾರಿನ ಸಾಲಿನಲ್ಲಿ ನಾನೂ ಇದ್ದೆ. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಹೂವನ್ನು ಹನ್ನೆರಡು ನಿಮಿಷ ನೋಡಿದೆ ಅನ್ನಿ, ಉಳಿದ ನಾಲ್ಕು ಗಂಟೆ ಮುಂದಿನ ಇನ್ನೋವಾದ ನಂಬರ್ ಪ್ಲೇಟ್ ನೋಡಿದೆ. ಚೆನ್ನಾಗಿತ್ತು. ಹೂವಿನ ಬಗ್ಗೆ ನನಗೇನೂ ತಕರಾರಿಲ್ಲ.

ತಕರಾರಿರುವುದು ಪಟ್ಟಿಯಲ್ಲಿ ಇಲ್ಲದ ಜಾಗಗಳಿಗೆ ಆಗುವುದರ ಬಗ್ಗೆ. ಜನರೇ ಗಿಡಗಳ ಫೋಟೊ ಹಾಕಿ ಗುರುತಿಸುವ ಐನ್ಯಾಚುರಲಿಸ್ಟ್ ಥರದ ಆ್ಯಪ್‌ಗಳಿವೆಯಲ್ಲ, ಅದರ ಭೂಪಟ ತೆಗೆದು ನೋಡಿ. ಪಶ್ಚಿಮಘಟ್ಟದ ಮೇಲೆ ಚುಕ್ಕಿಗಳು ಇರುವೆ ಮುತ್ತಿದಂತೆ ಮುತ್ತಿವೆ. ಹಾಗೇ ಬಲಕ್ಕೆ ಬನ್ನಿ, ತುಂಗಭದ್ರೆ ದಾಟಿ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ. ನಾನು ನೋಡಿದಾಗ ಅಲ್ಲಿ ಬೆರಳೆಣಿಕೆಯ ಚುಕ್ಕಿ. ನೋಡಿದವರಿಗೆ ಅನ್ನಿಸೋದು ಇಲ್ಲಿ ಹೂ ಇಲ್ಲ ಅಂತ. ಡೇಟಾಬೇಸ್ ಕಲಿಯುವ ಮೊದಲ ವಾರದಲ್ಲೇ ಹೇಳಿಕೊಡ್ತಾರೆ, ನಲ್ ಬೇರೆ, ಸೊನ್ನೆ ಬೇರೆ. ಯಾರೂ ಎಣಿಸಿಲ್ಲ ಅನ್ನೋದು ಒಂದು, ಎಣಿಸಿದರೆ ಏನೂ ಸಿಗಲಿಲ್ಲ ಅನ್ನೋದು ಇನ್ನೊಂದು. ನಮ್ಮ ಮೂರು ತಾಲೂಕು ನಲ್. ನಾನು ಗ್ರೂಪಿನಲ್ಲಿ ಅದನ್ನು ಸೊನ್ನೆ ಅಂತ ಹೇಳಿಬಿಟ್ಟಿದ್ದೆ.

ಹಾಗಾದರೆ ಅಲ್ಲಿ ಹೂ ಎಲ್ಲಿದೆ? ನೇರ ಉತ್ತರ: ಖರಾಬಿನಲ್ಲಿ.

ಪಹಣಿ ನೋಡಿದವರಿಗೆ ಈ ಪದ ಗೊತ್ತು. ಸರ್ವೆ ನಂಬರಿನ ಒಟ್ಟು ವಿಸ್ತೀರ್ಣದಲ್ಲಿ ಉಳುಮೆಗೆ ಬಾರದ ನೆಲವನ್ನು ಕಳೆದು ಖರಾಬು ಅಂತ ಬೇರೆ ಬರೀತಾರೆ. ಕಲ್ಲು, ಬಂಡೆ, ತಗ್ಗು ಇದ್ದರೆ 'ಅ' ಖರಾಬು. ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಜಾಗ 'ಬ' ಖರಾಬು, ಅದನ್ನು ಯಾರೂ ಹಿಡಿಯುವಂತಿಲ್ಲ. ಕಂದಾಯ ಬಾರದ ನೆಲ, ಹಾಗಾಗಿ ಕೆಟ್ಟ ನೆಲ. ನಮ್ಮಪ್ಪನ ನಾಲ್ಕೆಕರೆ ಪಹಣಿಯಲ್ಲಿ ಹದಿನೆಂಟು ಗುಂಟೆ ಹೀಗೆ ಕಳೆದುಹೋಗಿದೆ. ನಾನು ಚಿಕ್ಕವನಿದ್ದಾಗ ನೋಡಿದ ಹೂಗಳೆಲ್ಲ ಬಹುಪಾಲು ಆ ಹದಿನೆಂಟು ಗುಂಟೆಯವೇ.

ಇದರ ಹಿಂದೆ ಮಣ್ಣಿನ ಕಾರಣ ಇದೆ. ನಮ್ಮದು ಎರಿ ಹೊಲ. ಕರಿಮಣ್ಣು ಮಾರುದ್ದ ಆಳ, ಹಿಂಗಾರಿಗೆ ಒಂದಿಂಚೂ ಬಿಡದೆ ಜೋಳ, ಕಡಲೆ ಬಿತ್ತುತ್ತಾರೆ. ಅಲ್ಲಿ ತಾನಾಗಿ ಹುಟ್ಟಿದ್ದೆಲ್ಲ ಕಸ. ಜೋಳದ ಬುಡದಲ್ಲಿ ಗೇಣುದ್ದದ ಗಿಡ ಎದ್ದು, ಅಚ್ಚ ಬಿಳಿಯ ಪುಟ್ಟ ಹೂ ಬಿಡುವ ಬಿಳಿಕಸವನ್ನು ಹೊರಗಿನವರಿಗೆ ತೋರಿಸಿದರೆ ಖಂಡಿತ ಫೋಟೊ ತೆಗೀತಾರೆ. ಅಷ್ಟು ಚೆಂದ ಅದು. ಆದರೆ ಅದರ ಬೇರು ಜೋಳದ ಬೇರಿಗೆ ಕಚ್ಚಿಕೊಂಡು ನೀರು, ಸತ್ವ ಎರಡನ್ನೂ ಹೀರುತ್ತದೆ. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ, ಧೂಳಿನಷ್ಟು ಸಣ್ಣವು, ಮಣ್ಣಲ್ಲಿ ವರ್ಷಗಟ್ಟಲೆ ಕಾಯ್ತಾ ಮಲಗಿರುತ್ತವೆ. ನಮ್ಮವ್ವ ಅದನ್ನು ಕೀಳುವಾಗ ಬೈಯುತ್ತಿದ್ದ ಬೈಗುಳ ಇಲ್ಲಿ ಬರೆಯೋಕೆ ಬರಲ್ಲ. ಕಾಡುಹೂವಿನ ಪ್ರೀತಿಯ ಬಗ್ಗೆ ಬರೆಯುವವರು ಒಂದು ಸಲ ಬಿಳಿಕಸ ಬಿದ್ದ ಹೊಲದ ಬದುವಿನ ಮೇಲೆ ನಿಂತು ಬರೆಯಬೇಕು.

ಹೀಗಾಗಿ ಹೂ ಉಳಿದದ್ದು ನೇಗಿಲು ತಿರುಗಿದ ಗೆರೆಯ ಆಚೆ. ಬದು, ಹಳ್ಳದ ದಂಡೆ, ಗಾಯರಾಣ, ಗುಡ್ಡ. ಮತ್ತು ಇದು ನಮ್ಮೂರಿನ ದೌರ್ಭಾಗ್ಯ ಏನಲ್ಲ, ಕಾಸ್‌ನ ಕಥೆಯೂ ಇದೇ. ಅಲ್ಲಿ ಎಂಟುನೂರಕ್ಕೂ ಹೆಚ್ಚು ಜಾತಿಯ ಹೂಬಿಡುವ ಗಿಡಗಳಿವೆ ಅಂತ ಪಟ್ಟಿಗಳು ಹೇಳುತ್ತವೆ, ಯಾಕಿವೆ ಅಂತ ಹೇಳಲ್ಲ. ಅದೊಂದು ಬೋಳು ಜಂಬಿಟ್ಟಿಗೆ ಹಾಸು. ಮೇಲೆ ಅಂಗುಲದಷ್ಟು ಮಣ್ಣು, ಅದರಲ್ಲೂ ಸತ್ವ ಕಡಿಮೆ. ಮರ ಬೇರುಬಿಡಲ್ಲ, ಬೆಳೆ ಬರಲ್ಲ. ಮಳೆಗಾಲದ ಮೂರು ತಿಂಗಳಲ್ಲಿ ಹುಟ್ಟಿ, ಹೂಬಿಟ್ಟು, ಬೀಜ ಉದುರಿಸಿ ಸಾಯುವ ಸಣ್ಣ ಗಿಡಗಳಿಗೆ ಮಾತ್ರ ಆ ನೆಲ ಒಗ್ಗುತ್ತದೆ. ಕೆಲವಂತೂ ಮಣ್ಣಲ್ಲಿ ಸಿಗದ ಸತ್ವಕ್ಕಾಗಿ ಹುಳ ಹಿಡಿದು ತಿನ್ನುತ್ತವೆ. ಅಂದರೆ ನಮ್ಮ ತಲಾಠಿ ಕಣ್ಣಲ್ಲಿ ಕಾಸ್ ಇಡೀ ಪ್ರಸ್ಥಭೂಮಿಯೇ ಖರಾಬು. 2012ರಲ್ಲಿ ಪಶ್ಚಿಮಘಟ್ಟದ ಜೊತೆ ಅದಕ್ಕೆ ವಿಶ್ವಪರಂಪರೆಯ ಹೆಸರು ಬಂತು. ಈಗ ಅಲ್ಲಿಗೆ ಹೋಗೋಕೆ ಮುಂಗಡ ಬುಕಿಂಗ್ ಬೇಕು.

ಮಸ್ಕಿಯ ಗುಡ್ಡಕ್ಕೆ ಬುಕಿಂಗ್ ಬೇಡ. ಸಿಂಧನೂರಿನಿಂದ ಮಸ್ಕಿ ಮೇಲೆ ಹಾದು ಲಿಂಗಸುಗೂರಿಗೆ ಹೋಗುವ ಐವತ್ತು ಚಿಲ್ಲರೆ ಕಿಲೋಮೀಟರಿನ ರಸ್ತೆಯನ್ನು ಹುಬ್ಬಿ ಮಳೆ ಮುಗಿದು ಉತ್ತರಿ ಹಿಡಿದ ಹೊತ್ತಿನಲ್ಲಿ, ಅಂದ್ರೆ ಸೆಪ್ಟೆಂಬರ್ ನಡುವಿಗೆ, ಬೈಕಿನಲ್ಲಿ ಹೋಗಿ ನೋಡಿ. ಪಟ್ಟಿಗಳು 'ಆಗಸ್ಟ್‌ನಿಂದ ಅಕ್ಟೋಬರ್' ಅಂತ ಬರೆದು ಕೈತೊಳೆದುಕೊಳ್ಳುತ್ತವೆ. ವರ್ಷಕ್ಕೆ ಆರುನೂರು ಮಿಲಿಮೀಟರ್ ಆಸುಪಾಸು ಮಳೆ ಕಾಣುವ ನಮ್ಮ ಸೀಮೆಯಲ್ಲಿ ತಿಂಗಳ ಲೆಕ್ಕ ನಡೆಯಲ್ಲ, ಮಳೆಯ ಲೆಕ್ಕವೇ ನಡೆಯೋದು. ಹುಬ್ಬಿ ಕೈಕೊಟ್ಟ ವರ್ಷ ನೀವು ಸೆಪ್ಟೆಂಬರಿನಲ್ಲಿ ಬಂದರೂ ಒಣ ಎಕ್ಕಿ ಗಿಡ ನೋಡಿ ಹೋಗ್ತೀರಿ.

ಸಿಂಧನೂರು ಬಿಡುವಾಗ ಕಾಣೋದು ಹಸಿರು, ಬರೀ ಹಸಿರು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ನಿಂತು, ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಈ ಬಿಸಿಲ ಬಯಲು ನೆಲ್ಲಿನ ಕಣಜವಾಯಿತು. ಆಂಧ್ರದಿಂದ ಬಂದವರು ಕ್ಯಾಂಪ್ ಕಟ್ಟಿದರು, ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರಿಗೂ ಇಲ್ಲೇ ನೆಲೆ ಸಿಕ್ಕಿತು. ಎರಡು ಬೆಳೆ ನೆಲ್ಲು, ರೈಸ್ ಮಿಲ್ಲು, ಹೊಸ ಟ್ರ್ಯಾಕ್ಟರ್ ಶೋರೂಮು. ನನ್ನ ಬಿಇ ಫೀಸು ಹುಟ್ಟಿದ್ದು ಇದೇ ನೀರಿನಿಂದ, ಹಾಗಾಗಿ ಕಾಲುವೆಯನ್ನು ದೂರುವ ಬಾಯಿ ನನಗಿಲ್ಲ. ಆದರೆ ಹೂ ಹುಡುಕಿಕೊಂಡು ಬಂದವನಿಗೆ ಈ ಹಸಿರಲ್ಲಿ ಏನೂ ಸಿಗಲ್ಲ. ಗದ್ದೆ ಮಾಡುವಾಗ ಏರು ತಗ್ಗೆಲ್ಲ ಮಟ್ಟಸ. ಬದು ಗೇಣಗಲಕ್ಕೆ ಇಳಿದಿದೆ. ಉಳಿದ ಗೇಣಿಗೂ ಕಸದ ಎಣ್ಣಿ ಹೊಡೀತಾರೆ, ವಾರದೊಳಗೆ ಬದು ಸುಟ್ಟ ರೊಟ್ಟಿಯ ಬಣ್ಣ. ಕಾಲುವೆ ಪಕ್ಕ ಮೊಣಕಾಲೆತ್ತರ ಬಿಳಿ ಹೂ ಕಂಡು ಖುಷಿಯಿಂದ ಬೈಕ್ ನಿಲ್ಲಿಸಬೇಡಿ, ಅದು ಕಾಂಗ್ರೆಸ್ ಕಸ. 1950ರ ದಶಕದಲ್ಲಿ ಪುಣೆಯ ಬಳಿ ಕಣ್ಣಿಗೆ ಬಿದ್ದು ಆಮೇಲೆ ದೇಶ ತುಂಬಿದ್ದು. ಮೈಕೈ ತುರಿಕೆ ಬಂದವರನ್ನು ಕೇಳಿ.

ಮಸ್ಕಿ ಹತ್ತಿರ ಬಂದಂತೆ ನೆಲ ಕೆಂಪಾಗುತ್ತದೆ, ಬಂಡೆಗಳು ಏಳುತ್ತವೆ. ಈ ಗುಡ್ಡದ ಬಂಡೆಯೊಂದರ ಮೇಲೆಯೇ 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್‌ಗೆ ಅಶೋಕನ ಶಾಸನ ಸಿಕ್ಕಿದ್ದು. ದೇವಾನಾಂಪ್ರಿಯ ಅಂದರೆ ಅಶೋಕನೇ ಅಂತ ಗಟ್ಟಿಯಾದದ್ದು ಇಲ್ಲಿ ಅವನ ಹೆಸರೇ ಕಂಡಿದ್ದರಿಂದ. ನೋಡೋಕೆ ಬಂದವರು ಶಾಸನದ ಮುಂದೆ ಒಂದು ಸೆಲ್ಫಿ ತೆಗೆದು ಇಳಿದುಬಿಡ್ತಾರೆ. ಅದೇ ಅಶೋಕ ಗಿರ್ನಾರ್‌ನಲ್ಲಿರುವ ಇನ್ನೊಂದು ಶಾಸನದಲ್ಲಿ ಮನುಷ್ಯರಿಗೂ ದನಕರುಗಳಿಗೂ ಔಷಧವಾಗುವ ಗಿಡಗಳನ್ನು, ಇಲ್ಲದ ಕಡೆ ತರಿಸಿ ನೆಡಿಸಿದೆ ಅಂತ ಹೇಳಿಕೊಂಡಿದ್ದಾನೆ. ಮಸ್ಕಿಯಲ್ಲಿ ನೆಡಿಸುವ ಕೆಲಸ ಇರಲಿಲ್ಲವೇನೋ. ಬಂಡೆಯ ಬಿರುಕಿನಲ್ಲಿ ಮುಷ್ಟಿ ಮಣ್ಣು ಸಿಕ್ಕರೆ ತುಂಬೆ ಎದ್ದು ನಿಲ್ಲುತ್ತದೆ. ಬಿಳಿ ತುಟಿ ಚಾಚಿದ ಆ ಹೂ ಶಿವನಿಗೆ ಪ್ರೀತಿ ಅಂತ ಅವ್ವ ಸೋಮವಾರ ಕೊಯ್ಯುತ್ತಿದ್ದಳು. ಕಾಲ ಬಳಿ ಬಗ್ಗಿದರೆ ವಿಷ್ಣುಕ್ರಾಂತಿ, ಶರ್ಟಿನ ಗುಂಡಿಗಿಂತ ಚಿಕ್ಕದು, ನೀಲಿ. ಬೆಳಿಗ್ಗೆ ಬಿರಿದು ಮಧ್ಯಾಹ್ನದೊಳಗೆ ಮುಚ್ಚಿಕೊಳ್ಳುತ್ತದೆ, ಹತ್ತು ಗಂಟೆಗೆ ಎದ್ದು ಇಡ್ಲಿ ತಿಂದು ಬರುವವರಿಗೆ ಅದು ಕಾಣೋದು ಕಷ್ಟ. ಹಳದಿ ಐದೆಸಳಿನ ನೆಗ್ಗಿಲ ಹೂ ನೆಲಕ್ಕಂಟಿ ಹರಡಿರುತ್ತದೆ, ಚಪ್ಪಲಿ ತೆಗೆದು ನೋಡಲು ಹೋಗಬೇಡಿ. ಕವಳಿ ಕಂಟಿಯ ಹೂ ನೋಡಬೇಕಾದರೆ ಬೇಸಿಗೆಗೆ ಬರಬೇಕು. ನೋಡೋದಕ್ಕಿಂತ ಮೂಸೋದು ಮೇಲು, ಮಲ್ಲಿಗೆಯ ತಂಗಿ ಅನ್ನಬಹುದು.

ಇವ್ಯಾವೂ ಡ್ರೋನಿಗೆ ಕಾಣಲ್ಲ. ಇಲ್ಲಿ ಹೂ ನೋಡೋದು ಅಂದ್ರೆ ಕುಕ್ಕರಗಾಲಲ್ಲಿ ಕೂರೋದು. ಪಟ್ಟಿಗಳ ಅಳತೆಗೋಲಿನಲ್ಲಿ ನಮ್ಮ ಗುಡ್ಡ ಸೋಲೋದು ಇದಕ್ಕೇ. ಆ ಸೋಲಿನ ಬಗ್ಗೆ ನನಗೆ ಬೇಜಾರಿಲ್ಲ, ಯಾಕಂದ್ರೆ ಗೆದ್ದರೆ ಏನಾಗುತ್ತೆ ಅಂತ ಮುಳ್ಳಯ್ಯನಗಿರಿಯಲ್ಲಿ ನೋಡಿ ಬಂದಿದ್ದೀನಿ.

ಮಸ್ಕಿ ದಾಟಿ ಲಿಂಗಸುಗೂರಿನ ಕಡೆ ಹೊರಟರೆ ತಂಗಡಿಯ ರಾಜ್ಯ. ಇದು ಮಾತ್ರ ಕೂತು ನೋಡುವ ಹೂವಲ್ಲ. ರಸ್ತೆ ಪಕ್ಕ, ಮಸಾರಿ ನೆಲದ ದಿನ್ನೆ ಮೇಲೆ, ಹಟ್ಟಿ ಚಿನ್ನದ ಗಣಿಯ ದಿಕ್ಕಿಗೆ ತಿರುಗಿದರೂ ಇದೇ ಚಿನ್ನ. ಆಳೆತ್ತರದ ಪೊದೆ, ತುಂಬ ಹಳದಿ. ದನ ಬಾಯಿ ಹಾಕಲ್ಲ, ಬರಕ್ಕೆ ಬಗ್ಗಲ್ಲ. ಇದರ ತೊಗಟೆಯಲ್ಲೇ ಹಿಂದೆ ಚರ್ಮ ಹದ ಮಾಡುತ್ತಿದ್ದರು. ದೀಪಾವಳಿ ಪಾಡ್ಯದ ದಿನ ನಮ್ಮ ಮನೆಯಲ್ಲಿ ಸಗಣಿಯ ಪಾಂಡವರನ್ನು ಮಾಡಿ ತಲೆಗೆ ತಂಗಡಿ ಹೂ, ಉತ್ತರಾಣಿ ಕಡ್ಡಿ ಸಿಕ್ಕಿಸುತ್ತೇವೆ. ತಮಾಷೆ ನೋಡಿ, ಕೃಷ್ಣೆಯ ಆಚೆ ತೆಲಂಗಾಣದಲ್ಲಿ ಇದೇ ತಂಗಡಿ ರಾಜ್ಯದ ಹೂವು, ಬತುಕಮ್ಮ ಹಬ್ಬದಲ್ಲಿ ಇದಕ್ಕೆ ದೊಡ್ಡ ಜಾಗ. ಇದೇ ಸೀಮೆಯ ಬೇಲಿಗಳಲ್ಲಿ ಆಗಸ್ಟ್‌ಗೆ ಬೆಂಕಿಯ ನಾಲಿಗೆಯಂತೆ ಅರಳುವ ಗೌರಿ ಹೂ ತಮಿಳುನಾಡಿನ ರಾಜ್ಯಪುಷ್ಪ. ಅಕ್ಕಪಕ್ಕದ ಎರಡು ರಾಜ್ಯಗಳ ಲಾಂಛನ ನಮ್ಮ ಪಹಣಿಯ ಖರಾಬಿನಲ್ಲಿ ಬಿದ್ದಿವೆ.

ಹೆಸರಿನ ಈ ವ್ಯತ್ಯಾಸ ಬರೀ ತಮಾಷೆಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಕೇಂದ್ರ ಸರ್ಕಾರ 2000ದಿಂದ ವೇಸ್ಟ್‌ಲ್ಯಾಂಡ್ಸ್ ಅಟ್ಲಾಸ್ ಅಂತ ಒಂದನ್ನು ಪ್ರಕಟಿಸುತ್ತಾ ಬಂದಿದೆ. ಉಪಗ್ರಹದ ಚಿತ್ರ ನೋಡಿ ಪಾಳು ನೆಲ ಎಲ್ಲೆಲ್ಲಿದೆ ಅಂತ ಹೇಳುವ ಪುಸ್ತಕ. ಕುರುಚಲು ಬೆಳೆದ ನೆಲ, ಬಂಡೆ ನೆಲ ಎಲ್ಲವೂ ಅದರಲ್ಲಿ ಒಂದೊಂದು ಬಗೆಯ ಪಾಳು. ಪಾಳು ಅಂತ ಬರೆದ ನೆಲವನ್ನು ಉಪಯೋಗಕ್ಕೆ ತರಬೇಕು ಅಂತ ಯಾರಿಗಾದರೂ ಅನ್ನಿಸದೆ ಇರುತ್ತಾ? ಸೋಲಾರ್ ಹಲಗೆ ಹಾಕಬಹುದು, ಕಲ್ಲು ಒಡೆಯಬಹುದು, ಹಸಿರೀಕರಣ ಅಂತ ನೀಲಗಿರಿ ನೆಡಬಹುದು. ಅಲ್ಲಿ ಏನಿತ್ತು ಅಂತ ಕೇಳಿದರೆ ತೋರಿಸೋಕೆ ಒಂದು ಚುಕ್ಕಿಯೂ ಇಲ್ಲ. ಪ್ರವಾಸದ ಪಟ್ಟಿ ಮತ್ತು ಪಾಳಿನ ಪಟ್ಟಿ ಎರಡೂ ಒಂದನ್ನೊಂದು ನೋಡಿಲ್ಲ, ಆದರೂ ಎರಡೂ ಸೇರಿ ಒಂದೇ ಮಾತು ಹೇಳ್ತಿವೆ.

ಹಾಗಂತ ನಾನೇ ಚುಕ್ಕಿ ಇಡಲು ಹೊರಟೆ. ಮೂರು ವರ್ಷದ ಹಿಂದೆ ರಜೆಗೆ ಹೋದಾಗ ಗೂಗಲ್ ಮ್ಯಾಪಿನಲ್ಲಿ ಗುರುತು ಹಾಕುತ್ತಾ ಒಂದು ಎಕ್ಸೆಲ್ ಶೀಟು ಮಾಡಿದೆ. ಹೂವಿನ ಹೆಸರು, ಮಳೆ ನಕ್ಷತ್ರ, ಮಣ್ಣು, ಫೋಟೊ. ಒಟ್ಟು ಮೂವತ್ತೊಂದು ಜಾಗ. ಅದರಲ್ಲಿ ನನಗೆ ಅತ್ಯಂತ ಇಷ್ಟದ್ದು ನಮ್ಮ ಸೋದರಮಾವನ ಹೊಲದ ಅಂಚಿನ ಹಳ್ಳದ ದಂಡೆ. ಅರ್ಧ ಎಕರೆಯೂ ಇಲ್ಲ. ಕರಿಜಾಲಿ ಮರದ ಹಳದಿ ಗುಂಡು ಹೂ, ಅದಕ್ಕೆ ಸುತ್ತಿಕೊಂಡ ಗೌರಿ ಬಳ್ಳಿ, ಕೆಳಗೆ ತುಂಬೆ, ನೀರಿನ ಹತ್ತಿರ ನನಗೆ ಹೆಸರು ತಿಳಿಯದ ಒಂದು ನೇರಳೆ ಹೂ. ಅದನ್ನು ಶೀಟಿನಲ್ಲಿ 'ಗೊತ್ತಿಲ್ಲ–7' ಅಂತ ಬರೆದೆ.

ಮರುವರ್ಷ ಹೋದಾಗ ಗುರುತು ಹಿಡಿದು ನಡೆದೆ. ಫೋನು ನೀವು ತಲುಪಿದಿರಿ ಅಂತು. ನಾನು ನಿಂತಿದ್ದು ಮಟ್ಟಸವಾದ ಗದ್ದೆಯಲ್ಲಿ. ಜೆಸಿಬಿ ಎರಡು ದಿನ ಓಡಿತ್ತಂತೆ. ಹಳ್ಳ ಪಕ್ಕಕ್ಕೆ ಸರಿದು ಕಾಲುವೆಯಷ್ಟು ನೆಟ್ಟಗಾಗಿತ್ತು.

"ಏನ್ ಹುಡುಕಾಕತ್ತೀ ಅಳಿಯಾ?" ಅಂದರು ಮಾವ.

ಹೇಳಿದೆ. ಅವರಿಗೆ ಗೌರಿ ಹೂ ನೆನಪಿತ್ತು. ಅದರ ಗಡ್ಡೆ ವಿಷ, ಹುಡುಗರು ಮುಟ್ಟಬಾರದು ಅಂತ ನಮ್ಮನ್ನು ಓಡಿಸುತ್ತಿದ್ದವರು ಅವರೇ.

"ಹೂವಿಗೆ ಯಾರ್ ರೊಕ್ಕ ಕೊಡ್ತಾರೋ? ಇದ್ರಾಗ ಹದಿನೈದು ಚೀಲ ನೆಲ್ಲು ಬಂತು ನೋಡು ಈ ಸಲ."

ಗುಂಡ್ಲುಪೇಟೆಯಲ್ಲಿ ಹೊಲದೊಳಗೆ ಫೋಟೊ ತೆಗೆದರೆ ರೈತರು ದುಡ್ಡು ಇಸ್ಕೊಳ್ತಾರೆ ಮಾವ ಅಂದೆ. ನಗಾಡಿದರು. ನನ್ನ ಹತ್ತಿರ ಬೇರೆ ಉತ್ತರ ಇರಲಿಲ್ಲ. ಅವರ ಎರಡನೇ ಮಗ ಈಗ ಡಿಪ್ಲೊಮಾ ಓದುತ್ತಿದ್ದಾನೆ, ಆ ಹದಿನೈದು ಚೀಲದ ಲೆಕ್ಕ ನನಗೂ ಅರ್ಥವಾಗುತ್ತದೆ.

ಹೋದ ತಿಂಗಳು ಮಾವ ಫೋನ್ ಮಾಡಿದ್ದರು. ಪಕ್ಕದ ಹೊಲದವರು ಅರ್ಜಿ ಕೊಟ್ಟಿದ್ದಾರಂತೆ, ಹಳ್ಳ 'ಬ' ಖರಾಬು, ಒತ್ತುವರಿಯಾಗಿದೆ ಅಂತ. ಸರ್ವೆಗೆ ಬರ್ತಾರಂತೆ.

"ನೀ ಆ ವರ್ಷ ಫೋಟೊ ಹೊಡದಿದ್ದೆಲ್ಲ, ಹೂವಿಂದು. ಅದ್ರಾಗ ಹಳ್ಳ ಎಲ್ಲಿತ್ತು ಕಾಣ್ತೈತೇನು? ಕಳಸು."

ಅವರಿಗೆ ಬೇಕಾಗಿದ್ದು ಹಳ್ಳ ಮೊದಲಿನಿಂದಲೂ ಈಗಿರುವ ಜಾಗದಲ್ಲೇ ಇತ್ತು ಅನ್ನೋಕೆ ಸಾಕ್ಷಿ. ಫೋಲ್ಡರ್ ತೆಗೆದು ನೋಡಿದೆ. ಹದಿನಾಲ್ಕು ಫೋಟೊ ಇವೆ. ಗೌರಿ ಹೂ ಎದುರಿಗೆ, ಫೋಕಸ್‌ನಲ್ಲಿ. ಅದರ ಹಿಂದೆ ಸ್ವಲ್ಪ ಮಸುಕಾಗಿ, ಆದರೆ ಯಾರಿಗಾದರೂ ತಿಳಿಯುವಂತೆ, ಹಳ್ಳ ಈಗ ಗದ್ದೆ ಇರುವಲ್ಲಿ ಹರೀತಿದೆ. ತಾರೀಖು, ಜಿಪಿಎಸ್ ಎಲ್ಲ ಅದರಲ್ಲೇ ಇದೆ. ಇನ್ನೂ ಕಳಿಸಿಲ್ಲ.